ಮೂಳೆಗೂ ಭಾರ ಬೇಕು

ಅಂತರಿಕ್ಷ ನಿಲ್ದಾಣ ಇರುವುದು ನೆಲದಿಂದ ಸುಮಾರು 400 ಕಿ.ಮೀ. ಮೇಲೆ. ಅಲ್ಲಿ ಗುರುತ್ವಾಕರ್ಷಣೆಯೇ ಇಲ್ಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಿಜವಾಗಿ ನೆಲದ ಮೇಲಿರುವುದರ ಸುಮಾರು ಶೇ. 90ರಷ್ಟು ಅಲ್ಲೂ ಇದೆ. ನಿಲ್ದಾಣ, ಒಳಗಿನ ಜನ ಎಲ್ಲರೂ ಒಟ್ಟಿಗೇ ಭೂಮಿಯ ಸುತ್ತ ಬೀಳುತ್ತಲೇ ಇರುವುದರಿಂದ ಮೈಗೆ ಭಾರ ತಿಳಿಯುವುದಿಲ್ಲ, ಅಷ್ಟೇ.

ಅಲ್ಲಿಗೆ ಹೋದವರ ದೇಹದಲ್ಲಿ ಮೊದಲು ಬದಲಾಗುವುದು ಮುಖ. ನಾವು ನಿಂತಾಗ ರಕ್ತ ಕಾಲಿನ ಕಡೆ ಇಳಿಯಲು ನೋಡುತ್ತದೆ. ಅಲ್ಲಿ ಇಳಿಯುವ ದಿಕ್ಕೇ ಇಲ್ಲ. ಎದೆ, ತಲೆಯ ಕಡೆ ರಕ್ತ ಜಾಸ್ತಿಯಾಗುತ್ತದೆ. ಮುಖ ಊದುತ್ತದೆ, ಮೂಗು ಕಟ್ಟುತ್ತದೆ, ಕಾಲು ಸಣಕಲಾಗುತ್ತದೆ. ನೀರು ಹೆಚ್ಚಾಯಿತು ಎಂದುಕೊಂಡ ದೇಹ ರಕ್ತದ ನೀರಿನಂಶ ಇಳಿಸುತ್ತದೆ. ಮೇಲಿದ್ದಷ್ಟು ದಿನ ಇದರಿಂದ ಅಷ್ಟೇನೂ ತೊಂದರೆಯಿಲ್ಲ. ಆದರೆ ನೆಲಕ್ಕೆ ಬಂದು ಎದ್ದು ನಿಂತರೆ ತಲೆಗೆ ರಕ್ತ ಸಾಲದೆ ಕಣ್ಣು ಕತ್ತಲೆ ಬರಬಹುದು. ಅದಕ್ಕೇ ಇಳಿಯುವ ಮುಂಚೆ ಉಪ್ಪಿನ ಮಾತ್ರೆ ನುಂಗಿ ಚೆನ್ನಾಗಿ ನೀರು ಕುಡಿಯುತ್ತಾರೆ.

ನನಗೆ ಎಲ್ಲಕ್ಕಿಂತ ಕುತೂಹಲ ಮೂಳೆಯದು. ಮೂಳೆ ಜಡ ವಸ್ತುವಲ್ಲ. ಹಳೆಯದನ್ನು ಕರಗಿಸುವ ಜೀವಕೋಶಗಳು, ಹೊಸದನ್ನು ಕಟ್ಟುವ ಜೀವಕೋಶಗಳು ಸದಾ ಕೆಲಸದಲ್ಲಿರುತ್ತವೆ. ನಡೆಯುವಾಗ, ಭಾರ ಹೊರುವಾಗ ಬೀಳುವ ಒತ್ತಡವೇ ಕಟ್ಟುವವಕ್ಕೆ ಸೂಚನೆ. ಒತ್ತಡ ಇಲ್ಲವಾದರೆ ಕರಗಿಸುವ ಕೆಲಸವೇ ಮೇಲಾಗುತ್ತದೆ. ವ್ಯಾಯಾಮ ಸಾಲದಿದ್ದರೆ ಸೊಂಟದ ಭಾಗದ ಮೂಳೆ ತಿಂಗಳಿಗೆ ಸುಮಾರು ಶೇ. 1ರಿಂದ 1.5ರಷ್ಟು ಸವೆಯುತ್ತದೆ. ಕರಗಿದ ಕ್ಯಾಲ್ಸಿಯಂ ಮೂತ್ರಕ್ಕೆ ಸೇರುವುದರಿಂದ ಕಿಡ್ನಿಯಲ್ಲಿ ಕಲ್ಲಾಗುವ ಭಯವೂ ಇದೆ. ಇಷ್ಟಾದರೂ ಇದನ್ನು ಕಾಯಿಲೆ ಎನ್ನಲು ನನಗೆ ಮನಸ್ಸಿಲ್ಲ. ಹೊರಲು ಭಾರವೇ ಇಲ್ಲದ ಕಡೆ ಅಷ್ಟು ಗಟ್ಟಿ ಮೂಳೆ ಯಾಕೆ ಬೇಕು, ಅಲ್ವಾ? ದೇಹ ಅಲ್ಲಿಗೆ ತಕ್ಕಂತೆ ಬದಲಾಗುತ್ತಿದೆ. ತೊಂದರೆ ಎಂದರೆ, ನಾವು ಮರಳಿ ಬರಬೇಕು.

ಹಾಗಾಗಿ ಅಲ್ಲಿ ದಿನಕ್ಕೆ ಸುಮಾರು 2 ಗಂಟೆ ವ್ಯಾಯಾಮಕ್ಕೇ ಮೀಸಲು. ಟ್ರೆಡ್‌ಮಿಲ್ ಮೇಲೆ ಓಡುವಾಗ ಪಟ್ಟಿಗಳು ಮೈಯನ್ನು ಕೆಳಕ್ಕೆ ಎಳೆದಿಡುತ್ತವೆ. ಕಬ್ಬಿಣದ ತೂಕ ಎತ್ತಿ ಪ್ರಯೋಜನವಿಲ್ಲ. ಅದರ ಬದಲು ಗಾಳಿ ತೆಗೆದ ಸಿಲಿಂಡರ್‌ಗಳ ಸೆಳೆತಕ್ಕೆ ಎದುರಾಗಿ ಸ್ನಾಯುಗಳು ದುಡಿಯುತ್ತವೆ. ರಷ್ಯಾದ ವೈದ್ಯ ವಲೇರಿ ಪೊಲ್ಯಾಕೊವ್ 1994-95ರಲ್ಲಿ ಆ ದೇಶದ ಮಿರ್ ಎಂಬ ಅಂತರಿಕ್ಷ ನಿಲ್ದಾಣದಲ್ಲಿ ಒಂದೇ ಸಲಕ್ಕೆ 437 ದಿನ ಕಳೆದರು. ಅವರೂ ವ್ಯಾಯಾಮ ಬಿಡಲಿಲ್ಲ.

ಕಣ್ಣಿನ ವಿಷಯದಲ್ಲಿ ಮಾತ್ರ ವ್ಯಾಯಾಮದಿಂದ ಕೆಲಸ ನಡೆಯುತ್ತಿಲ್ಲ. ತಿಂಗಳುಗಟ್ಟಲೆ ಇದ್ದು ಬಂದ ಕೆಲವರಲ್ಲಿ ಕಣ್ಣುಗುಡ್ಡೆಯ ಹಿಂಭಾಗ ಚಪ್ಪಟೆಯಾಗಿ, ಹತ್ತಿರದ ಅಕ್ಷರ ಮಸುಕಾಗುತ್ತದೆ.

ಸ್ನಾಯುಗಳ ಬಗ್ಗೆ ನಮ್ಮ ಬೆಂಗಳೂರಿನಲ್ಲೂ ಹುಡುಕಾಟ ನಡೆದಿದೆ. 2025ರಲ್ಲಿ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ನಿಲ್ದಾಣಕ್ಕೆ ಹೋದಾಗ ಇಲ್ಲಿನ ಇನ್‌ಸ್ಟೆಮ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ಸ್ನಾಯುಕೋಶಗಳ ಪ್ರಯೋಗವೂ ಜೊತೆಗಿತ್ತು. ಭಾರವಿಲ್ಲದ ಕಡೆ ಸ್ನಾಯು ತನ್ನನ್ನು ತಾನು ಸರಿಪಡಿಸಿಕೊಳ್ಳುವುದು ಯಾಕೆ ಕುಂಠಿತವಾಗುತ್ತದೆ ಎಂಬುದೇ ಅದರ ಪ್ರಶ್ನೆ. ಉತ್ತರ ಸಿಕ್ಕರೆ ವಯಸ್ಸಾಗಿ ಸ್ನಾಯು ಸೊರಗಿದವರಿಗೂ, ಹಾಸಿಗೆ ಹಿಡಿದವರಿಗೂ ಅದರಿಂದ ನೆರವಾಗಬಹುದು.