ರಿಯಾಕ್ಟಿವ್ ಅಂದ್ರೆ ಪಾಸಿಟಿವ್ ಅಲ್ಲ ಕಣ್ರೀ

ಲ್ಯಾಬ್ ಬಾಗಿಲಲ್ಲಿ ಒಬ್ರು ರಿಪೋರ್ಟ್ ಹಿಡ್ಕೊಂಡು ನಿಂತಿದ್ರು. "ಮೇಡಂ, ಇದು ನಿಜಾನಾ?" ಅಷ್ಟೇ ಕೇಳಿದ್ದು. ಹೆಂಡತಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ನು, ಅದಕ್ಕೆ ಮುಂಚೆ ನರ್ಸಿಂಗ್ ಹೋಮಲ್ಲಿ ಒಂದು ಕಾರ್ಡ್ ಟೆಸ್ಟ್ ಮಾಡಿದಾರೆ, ಗೆರೆ ಮಸುಕುಮಸುಕಾಗಿ ಬಂದಿದೆ (ಹೀಗೆ ಗೆರೆ ಬಂದ್ರೆ ಲ್ಯಾಬಲ್ಲಿ 'ರಿಯಾಕ್ಟಿವ್' ಅಂತೀವಿ), ಯಾರೋ 'ಎಚ್‌ಐವಿ ಪಾಸಿಟಿವ್' ಅಂತ ಬರೆದು ಗಂಡನ ಕೈಗೆ ಕೊಟ್ಟಿದಾರೆ. ಸಂಜೆಗೆಲ್ಲ ಆಕೆ ತವರಿಗೆ ಹೋಗಾಗಿತ್ತು.

2017ರ ಎಚ್‌ಐವಿ ಕಾಯ್ದೆ ಪ್ರಕಾರ ಒಪ್ಪಿಗೆ ಇಲ್ದೆ ಟೆಸ್ಟ್ ಮಾಡೋ ಹಾಗಿಲ್ಲ, ಮುಂಚೆ-ಆಮೇಲೆ ಕೌನ್ಸೆಲಿಂಗ್ ಆಗ್ಬೇಕು, ಗುಟ್ಟು ಕಾಪಾಡ್ಬೇಕು. ಯಾರು ಓದ್ತಾರೆ ಬಿಡಿ.

ನನಗೆ ತಲೆ ಕೆಡೋದು ಬೇರೆ ವಿಷಯಕ್ಕೆ. ಮೊದಲನೇ ಟೆಸ್ಟ್ ಇರೋದೇ ಒಬ್ಬರೂ ತಪ್ಪಿಸ್ಕೊಬಾರ್ದು ಅಂತ. ಸಣ್ಣ ಕಣ್ಣಿನ ಬಲೆ ಹಾಕಿದ್ರೆ ಮೀನಿನ ಜತೆ ಕಸಕಡ್ಡಿನೂ ಬರುತ್ತೆ ಅಲ್ವಾ. ಲೆಕ್ಕ ಹಾಕಿ ನೋಡಿ: ನಮ್ಮ ದೇಶದ ವಯಸ್ಕರಲ್ಲಿ ಎಚ್‌ಐವಿ ಇರೋದು ಸುಮಾರು ಶೇ. 0.2, ಅಂದ್ರೆ 1000 ಜನಕ್ಕೆ ಇಬ್ಬರು. ಕಿಟ್ಟು ಸೋಂಕಿಲ್ಲದವರಲ್ಲಿ ಶೇ. 99.5 ಸರಿ ಹೇಳುತ್ತೆ ಅಂತ ಇಟ್ಕೊಳಿ, ಒಳ್ಳೇ ಕಿಟ್ಟೇ ಅದು, ಆದ್ರೂ ಉಳಿದ 998 ಜನದಲ್ಲಿ ಐದು ಜನಕ್ಕೆ ಸುಳ್ಳು ಗೆರೆ ಬರುತ್ತೆ. ಒಟ್ಟು ಏಳು ರಿಯಾಕ್ಟಿವ್, ನಿಜವಾದದ್ದು ಎರಡೇ!

ಇದನ್ನ ಕೇಳಿದ ತಕ್ಷಣ ಜನ ಏನ್ ಮಾಡ್ತಾರೆ ಅಂದ್ರೆ ಇನ್ನೊಂದು ಲ್ಯಾಬಿಗೆ ಓಡ್ತಾರೆ, ಅಲ್ಲಿ ಅದೇ ಕಂಪನಿ ಕಾರ್ಡ್, ಅದೇ ಗೆರೆ, "ನೋಡಿ ಎರಡು ಕಡೆನೂ ಬಂತು" ಅಂತ ಅಳು. ಅಯ್ಯೋ, ಆಕೆ ರಕ್ತದಲ್ಲಿ ಬೇರೆ ಯಾವ್ದೋ ಆಂಟಿಬಾಡಿ (ಸೋಂಕಿನ ವಿರುದ್ಧ ದೇಹ ಮಾಡೋ ಪ್ರೋಟೀನು) ಆ ಕಾರ್ಡಿನ ಆಂಟಿಜೆನ್ನಿಗೆ, ಅಂದ್ರೆ ಎಚ್‌ಐವಿ ಆಂಟಿಬಾಡಿ ಹಿಡಿಯೋಕೆ ಕಾರ್ಡಲ್ಲಿ ಹಾಕಿರೋ ವಸ್ತುಗೆ, ಅಂಟ್ಕೊಂಡಿದ್ರೆ ಹತ್ತು ಸಲ ಮಾಡಿದ್ರೂ ಅಂಟ್ಕೊಳುತ್ತೆ! ಕಿಟ್ಟು ಬೇರೆ ಆಗ್ಬೇಕು, ಒಳಗಿರೋ ಆಂಟಿಜೆನ್ ಅಥವಾ ವಿಧಾನ ಬೇರೆ ಇರ್ಬೇಕು. ಸರ್ಕಾರಿ ಆಸ್ಪತ್ರೆ ಐಸಿಟಿಸಿಯಲ್ಲಿ (ಎಚ್‌ಐವಿ ಕೌನ್ಸೆಲಿಂಗ್, ಟೆಸ್ಟ್ ಮಾಡೋ ಕೇಂದ್ರ) ಮಾಡೋದು ಅದನ್ನೇ, ಪುಕ್ಕಟೆ. ಮೊದಲನೇದು ರಿಯಾಕ್ಟಿವ್ ಆದ್ರೆ ಇನ್ನೆರಡು ಬೇರೆ ಕಿಟ್ಟು, ಮೂರೂ ಹೌದು ಅಂದ್ರೆ ಮಾತ್ರ ಪಾಸಿಟಿವ್. ಮೂರರಲ್ಲಿ ಎರಡೇ ಹೌದು ಅಂದ್ರೆ ತೀರ್ಮಾನ ಹೇಳಲ್ಲ, ಎರಡು ವಾರ ಬಿಟ್ಟು ಮತ್ತೆ ಕರೀತಾರೆ.

ಹಾಗಂತ ರಿಯಾಕ್ಟಿವ್ ಬಂದವರು ಡಾಕ್ಟ್ರೇ ಸುಳ್ಳು ಅಂದ್ರು ಅಂತ ಮನೇಲಿ ಕೂತ್ಕೊಬೇಡಿ, ನಾನು ಹಾಗೆ ಹೇಳ್ತಿಲ್ಲ. ರಿಸ್ಕ್ ಇದ್ದವರಲ್ಲಿ ಅದು ಬಹಳ ಸಲ ನಿಜವೇ ಆಗಿರುತ್ತೆ. ಮೊನ್ನೆ ಶನಿವಾರ ರಿಸ್ಕ್ ಆಗಿ ಮಂಗಳವಾರ ನೆಗೆಟಿವ್ ಬಂತು ಅಂತ ಖುಷಿಪಡೋರೂ ಇದಾರೆ. ವಿಂಡೋ ಪಿರಿಯಡ್ ಸ್ವಾಮಿ, ಸೋಂಕು ತಗುಲಿದ್ರೂ ಟೆಸ್ಟಲ್ಲಿ ಕಾಣದ ಮೊದಲ ದಿನಗಳು, ಅಷ್ಟು ಬೇಗ ಯಾವ ಟೆಸ್ಟಲ್ಲೂ ಗೊತ್ತಾಗಲ್ಲ, ಆಗ ಬೇಕಿರೋದು 72 ಗಂಟೆ ಒಳಗೆ ಶುರು ಮಾಡೋ ಪಿಇಪಿ ಮಾತ್ರೆ, ಅಂದ್ರೆ ರಿಸ್ಕ್ ಆದ್ಮೇಲೆ ಸೋಂಕು ತಡೆಯೋಕೆ ತಗೊಳೋ ಔಷಧಿ.

ಅವರ ಹೆಂಡತಿನ ತವರಿಂದ ಕರೆಸಿದ್ವು. ಉಳಿದೆರಡು ಕಿಟ್ಟಲ್ಲಿ ಏನೂ ಇಲ್ಲ, ಕೆಲವು ವಾರ ಬಿಟ್ಟು ಮಾಡಿದಾಗ್ಲೂ ಇಲ್ಲ. ನೆಗೆಟಿವ್ ಅಂದಾಗ ಗಂಡ ಅತ್ತೇಬಿಟ್ರು. ಆಕೆ ಅಳ್ಲಿಲ್ಲ. ಗಂಡ ಹಾಳೆಗೆ ಕೈ ಚಾಚಿದ್ರೆ, "ಮೇಡಂ, ಈ ಸಲ ನನ್ ಕೈಗೇ ಕೊಡಿ" ಅಂದ್ರು.