ಬಸ್ಸಿನಲ್ಲಿ ನಿಂತು ಸಂಬಳ ಹೇಳಬೇಡಿ

ಕುಂಬಳೆಯಿಂದ ಮಂಗಳೂರಿಗೆ ಹೊರಟ ಬಸ್ಸು, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಫೋನು. ಆ ಕಡೆಯಿಂದ ಕಂಪೆನಿಗಳಿಗೆ ಜನ ಹುಡುಕಿಕೊಡುವ ಕನ್ಸಲ್ಟೆನ್ಸಿಯವರು "ಎಕ್ಸ್‌ಪೆಕ್ಟೆಡ್ ಎಷ್ಟು?" ಅಂತ ಕೇಳುತ್ತಾರೆ, ನೀವು ಗಾಬರಿಯಲ್ಲಿ ಬಾಯಿಗೆ ಬಂದ ಅಂಕಿ ಹೇಳಿಬಿಡುತ್ತೀರಿ. ಹನ್ನೊಂದು ವರ್ಷ ಆ ಕಡೆ ಕೂತು ಕರೆ ಮಾಡಿದವನು ನಾನು, ಹಾಗಾಗಿ ಹೇಳುತ್ತೇನೆ: ಆ ಅಂಕಿ ಆಗಲೇ ಎಕ್ಸೆಲ್ ಶೀಟಿಗೆ ಹೋಗಿರುತ್ತದೆ, ಆಮೇಲೆ ಅದನ್ನು ಮೇಲೆತ್ತುವುದು ಬಹಳ ಕಷ್ಟ.

ಮೊದಲ ಕರೆ ಇಂಟರ್‌ವ್ಯೂ ಅಲ್ಲ ಮಾರಾಯ್ರೆ. ಈಗಿನ ಸಂಬಳ, ಕೇಳುವ ಸಂಬಳ, ನೋಟಿಸ್ ಪೀರಿಯಡ್, ಊರು, ಇಷ್ಟು ಕಾಲಂ ತುಂಬಿಸುವುದು ಅವರ ಕೆಲಸ. "ಈಗ ಪ್ರಯಾಣದಲ್ಲಿದ್ದೇನೆ, ಸಂಜೆ ಆರಕ್ಕೆ ನಾನೇ ಫೋನ್ ಮಾಡ್ತೇನೆ, ಕೆಲಸದ ವಿವರ ಮೇಲ್ ಮಾಡಿ" ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮನೆಯಲ್ಲಿ ರೇಂಜ್ ಇಲ್ಲದಿದ್ದರೆ ಗುಡ್ಡೆ ಹತ್ತಿಯೇ ಮಾಡಿ, ಪರವಾಗಿಲ್ಲ.

ಸಂಬಳದ ವಿಷಯದಲ್ಲಿ ಎಲ್ಲರೂ ಎಡವುವುದು ಸಿಟಿಸಿಯಲ್ಲಿ, ಅಂದರೆ ಕಂಪೆನಿ ನಿಮ್ಮ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚಿನ ಲೆಕ್ಕದಲ್ಲಿ. ವರ್ಷಕ್ಕೆ 6 ಲಕ್ಷ ಅಂದರೆ ತಿಂಗಳಿಗೆ 50 ಸಾವಿರ ಕೈಗೆ ಬರುತ್ತದೆ ಅಂತ ಲೆಕ್ಕ ಹಾಕಿ ಬೆಂಗಳೂರಲ್ಲಿ ರೂಮು ಹಿಡಿದವರನ್ನು ನೋಡಿದ್ದೇನೆ. ಬೇಸಿಕ್ 25 ಸಾವಿರ, ಪಿಎಫ್ ಹಿಡಿಯುವುದು ಪೂರ್ತಿ ಬೇಸಿಕ್ ಮೇಲೆ ಅಂತಿಟ್ಟುಕೊಳ್ಳಿ. ಶೇಕಡಾ 12ರ ಲೆಕ್ಕದಲ್ಲಿ ಕಂಪೆನಿಯ ಪಾಲು 3 ಸಾವಿರ, ನಿಮ್ಮ ಪಾಲು ಇನ್ನೊಂದು 3 ಸಾವಿರ, ಎರಡೂ ಆ 50 ಸಾವಿರದಲ್ಲೇ ಕಳೆಯುತ್ತವೆ. ಗ್ರಾಚ್ಯುಟಿಯನ್ನೂ ಸಿಟಿಸಿಯಲ್ಲೇ ತೋರಿಸಿದರೆ ಮತ್ತೆ 1,200. ಇದರ ಮೇಲೆ ಇನ್ಶೂರೆನ್ಸು, ಕೆಲಸದ ಸಾಧನೆ ನೋಡಿ ಕೊಡುವ ವೇರಿಯಬಲ್ಲು. ಪಿಎಫ್ ನಿಮ್ಮದೇ ದುಡ್ಡು, ನಿಜ, ಆದರೆ ಅದರಲ್ಲಿ ಬಾಡಿಗೆ ಕಟ್ಟಲಿಕ್ಕೆ ಆಗುತ್ತದಾ? ಅದಕ್ಕೇ "ಕೈಗೆ ಎಷ್ಟು, ವೇರಿಯಬಲ್ ಎಷ್ಟು?" ಅಂತ ನೇರವಾಗಿ ಕೇಳಿ.

ಯಾರ ಪೇರೋಲ್, ಅಂದರೆ ಸಂಬಳ ಕೊಡುವುದು ಕಂಪೆನಿಯಾ ಕನ್ಸಲ್ಟೆನ್ಸಿಯಾ ಅಂತಲೂ ಕೇಳಿ. ಕಂಪೆನಿಯ ಹೆಸರು ಹೇಳದೆ ರೆಸ್ಯೂಮೆ ಕಳಿಸಲು ಒಪ್ಪಬೇಡಿ. ಎರಡು ಕನ್ಸಲ್ಟೆನ್ಸಿಗಳು ಒಂದೇ ಕೆಲಸಕ್ಕೆ ನಿಮ್ಮ ಹೆಸರು ಕಳಿಸಿದರೆ ಅವರಿಬ್ಬರ ಜಗಳದಲ್ಲಿ ನಿಮ್ಮ ಹೆಸರೇ ಬಿದ್ದುಹೋಗಬಹುದು. ಯಾರ ಮೂಲಕ ಎಲ್ಲಿಗೆ ಹೋಯಿತು ಅಂತ ಒಂದು ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಸಾಕು.

ದುಡ್ಡು ಕೇಳಿದರೆ ಫೋನ್ ಇಡಿ. ಕೊಟ್ಟು ಮೋಸ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಗಲ್ಫಿನ ಕೆಲಸವಾದರೆ ಲೆಕ್ಕ ಬೇರೆ: ನೋಂದಾಯಿತ ಏಜೆಂಟರು 30 ಸಾವಿರ ಮತ್ತು ಜಿಎಸ್‌ಟಿವರೆಗೆ ಮಾತ್ರ ತೆಗೆದುಕೊಳ್ಳಬಹುದು, ಅವರು ನೋಂದಾಯಿತರಾ ಅಂತ ಕೇಂದ್ರ ಸರಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಮೊದಲೇ ನೋಡಿಕೊಳ್ಳಿ. ಪರಿಚಯದವರು ಅಂತ ಇದನ್ನು ಬಿಡಬೇಡಿ.

ಇನ್ನೊಂದು, ನಮ್ಮ ಗಡಿನಾಡಿನವರಿಗೇ ಹೇಳಬೇಕಾದದ್ದು. ಒಮ್ಮೆ ಕಸ್ಟಮರ್ ಸಪೋರ್ಟ್ ಕೆಲಸಕ್ಕೆ ಕನ್ನಡ, ಮಲಯಾಳ ಎರಡೂ ಬರುವವರು ಬೇಕಿತ್ತು, ಸಂಬಳವೂ ಸ್ವಲ್ಪ ಜಾಸ್ತಿ. ಬದಿಯಡ್ಕದ ಹುಡುಗಿಯೊಬ್ಬಳ ರೆಸ್ಯೂಮೆಯಲ್ಲಿ ಕನ್ನಡ, ಇಂಗ್ಲಿಷ್ ಅಂತ ಮಾತ್ರ ಇತ್ತು. ಊರಿನ ಹೆಸರು ನೋಡಿ ಸುಮ್ನೆ ಕೇಳಿದೆ, ಮಲಯಾಳ ಬರುತ್ತದಾ ಅಂತ. "ಬರ್ತದೆ ಸರ್, ತುಳುವೂ ಬರ್ತದೆ. ಅದನ್ನೆಲ್ಲ ಬರೀಲಿಕ್ಕೆ ಉಂಟಾ?" ಅಂದಳು.