ನೇಪಾಳದ 76ನೇ ವಿಧಿ: ಯಾವ ಸೋಲು ಯಾವ ಉಪವಿಧಿಗೆ ಕರೆದೊಯ್ಯುತ್ತದೆ?

ನೇಪಾಳದಲ್ಲಿ ಪ್ರಧಾನಿಯನ್ನು ಹೇಗೆ ನೇಮಿಸಬೇಕೆಂದು ಹೇಳುವುದು ಅಲ್ಲಿನ ಸಂವಿಧಾನದ 76ನೇ ವಿಧಿ. ಮೊದಲು ಅಂಕಿ. ನೇಪಾಳದ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯ ಬಲ 275: ನೇರ ಚುನಾವಣೆಯಿಂದ 165, ಪ್ರಮಾಣಾನುಗುಣ ಪದ್ಧತಿಯಿಂದ 110. ಬಹುಮತ 138. 2022ರ ನವೆಂಬರ್ 20ರ ಚುನಾವಣೆಯಲ್ಲಿ ನೇಪಾಳಿ ಕಾಂಗ್ರೆಸ್ 89, ಯುಎಂಎಲ್ (ಕಮ್ಯುನಿಸ್ಟ್ ಪಕ್ಷ) 78, ಮಾವೋವಾದಿ ಕೇಂದ್ರ 32, ರಾಷ್ಟ್ರೀಯ ಸ್ವತಂತ್ರ ಪಕ್ಷ 20, ರಾಷ್ಟ್ರೀಯ ಪ್ರಜಾತಂತ್ರ ಪಕ್ಷ 14, ಜನತಾ ಸಮಾಜವಾದಿ 12 ಗೆದ್ದವು. ಉಳಿದವರು ಸಣ್ಣ ಪಕ್ಷದವರು ಮತ್ತು ಪಕ್ಷೇತರರು.

ಕೂಡಿ ನೋಡಿ. 89+32 ಅಂದರೆ 121, ಇನ್ನೂ 17 ಬೇಕು. 78+32 ಅಂದರೆ 110, ಇನ್ನೂ 28 ಬೇಕು. ಲೆಕ್ಕದಲ್ಲಿ ಮಾವೋವಾದಿ ಕೇಂದ್ರದ ನಾಯಕ ಪ್ರಚಂಡರಿಗೆ ಕಾಂಗ್ರೆಸ್ಸೇ ಹತ್ತಿರ, ಚುನಾವಣೆಗೆ ಹೋಗಿದ್ದೂ ಅದರ ಜೊತೆಗೇ. ಆದರೆ ಮೊದಲ ಸರದಿಯ ಪ್ರಧಾನಿ ಪಟ್ಟವನ್ನು ಕಾಂಗ್ರೆಸ್ ನಾಯಕ ದೇವುಬಾ ಬಿಟ್ಟುಕೊಡಲಿಲ್ಲ, ಯುಎಂಎಲ್ ನಾಯಕ ಓಲಿ ಒಪ್ಪಿದರು. ಹಾಗಾಗಿ ಡಿಸೆಂಬರ್ 25ರಂದು 32 ಸ್ಥಾನದ ಪಕ್ಷದ ನಾಯಕ ಪ್ರಧಾನಿಯಾದರು. ಎರಡು ದೊಡ್ಡ ಪಕ್ಷ ಸೇರಿದರೆ 167. ಅವು ಸೇರದಷ್ಟು ದಿನ ಮೂರನೆಯವರ ಕೈ ಮೇಲು.

ಈಗ ವಿಧಿ 76. (1) ಒಂದೇ ಪಕ್ಷಕ್ಕೆ ಸ್ಪಷ್ಟ ಬಹುಮತ ಇದ್ದರೆ ಅದರ ಸಂಸದೀಯ ನಾಯಕ. (2) ಇಲ್ಲದಿದ್ದರೆ, ಎರಡು ಅಥವಾ ಹೆಚ್ಚು ಪಕ್ಷಗಳ ಬೆಂಬಲದಿಂದ ಬಹುಮತ ತೋರಿಸಬಲ್ಲ ಸದಸ್ಯ. (3) ಅದೂ ಆಗದಿದ್ದರೆ ಅತಿ ದೊಡ್ಡ ಪಕ್ಷದ ನಾಯಕ. (4) ಎರಡು ಮತ್ತು ಮೂರರಡಿ ನೇಮಕವಾದವರು 30 ದಿನದೊಳಗೆ ವಿಶ್ವಾಸಮತ ಪಡೆಯಬೇಕು. (5) ಮೂರರ ಪ್ರಧಾನಿಯೂ ಸೋತರೆ, ವಿಶ್ವಾಸಮತ ಸಿಗುತ್ತದೆಂಬ ಆಧಾರ ಕೊಡುವ ಯಾವ ಸದಸ್ಯನಾದರೂ ಸರಿ. (7) ಅದೂ ವಿಫಲವಾದರೆ ವಿಸರ್ಜನೆ, ಆರು ತಿಂಗಳಲ್ಲಿ ಚುನಾವಣೆ.

ಎಡವುವುದು ಇಲ್ಲಿ. 2024ರ ಜುಲೈ 12ರಂದು ಪ್ರಚಂಡ ವಿಶ್ವಾಸಮತ ಸೋತರು. ಅವರು ಎರಡನೇ ಉಪವಿಧಿಯಡಿ ಬಂದವರು. ಹಾಗಾದರೆ ಮುಂದಿನದು ಮೂರು, ಅತಿ ದೊಡ್ಡ ಪಕ್ಷ ಕಾಂಗ್ರೆಸ್ಸಿನ ದೇವುಬಾ ಪ್ರಧಾನಿಯಾಗಬೇಕಲ್ಲವೇ? ಆಗಲಿಲ್ಲ. ರಾಷ್ಟ್ರಪತಿ ಪೌದೆಲ್ ಮತ್ತೆ ಎರಡರಡಿಯೇ ಹಕ್ಕು ಮಂಡಿಸಲು ಕರೆದರು, ಓಲಿ ನೇಮಕವಾದರು. ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ರಿಟ್ ಅರ್ಜಿಯೂ ಹೋಯಿತು, ಅಂದರೆ ಗೊಂದಲ ಓದುವವರಿಗಷ್ಟೇ ಅಲ್ಲ.

ಬಿಡಿಸುವ ಬಗೆ ಇದು: ವಿಶ್ವಾಸಮತ ಎರಡು ಥರ. ನೇಮಕದ 30 ದಿನದೊಳಗಿನದು 76(4)ರದು. ಅಲ್ಲಿ ಸೋತರೆ ಒಂದು ಮೆಟ್ಟಿಲು ಮುಂದೆ, ಎರಡರಿಂದ ಮೂರಕ್ಕೆ. ಆಮೇಲೆ ನಡುವಲ್ಲಿ ಕೇಳುವುದು 100ನೇ ವಿಧಿಯದು. ಅಲ್ಲಿ ಸೋತರೆ ಹುದ್ದೆ ತೆರವಾಗುತ್ತದೆ, ಎಣಿಕೆ ಹೊಸದಾಗಿ ಶುರು. ಪ್ರಚಂಡ 2023ರ ಜನವರಿ 10ರಂದೇ 268 ಮತ ಪಡೆದು 76(4) ದಾಟಿದ್ದರು. ಹಾಗಾಗಿ ಜುಲೈ ಸೋಲು 100ರದು. ಹಿಂದೆಯೂ ಹೀಗೇ ನಡೆದಿತ್ತು: 2021ರ ಮೇ 10ರಂದು ಓಲಿ 100ರಡಿ ಸೋತಾಗ ಅಂದಿನ ರಾಷ್ಟ್ರಪತಿ ಭಂಡಾರಿ ಮೊದಲು ಕರೆದದ್ದು ಎರಡರಡಿ. ಯಾರೂ ಬಹುಮತ ತೋರಿಸದ ಮೇಲೆ ಮೂರರಡಿ, ಅತಿ ದೊಡ್ಡ ಪಕ್ಷದ ನಾಯಕರೆಂದು, ಅದೇ ಓಲಿ ಮರಳಿದರು. ಎಲ್ಲಾದರೂ ‘ವಿಶ್ವಾಸಮತ ಸೋತರು’ ಎಂದು ಓದಿದರೆ, ಯಾವ ವಿಧಿಯದು ಎಂದು ಮೊದಲು ಗುರುತು ಹಾಕಿಕೊಳ್ಳಿ.

ಎರಡನೆಯ ತೊಡಕು ಕನ್ನಡಿಗರಿಗೇ ಹೆಚ್ಚು, ಏಕೆಂದರೆ ನಮ್ಮ ತಲೆಯಲ್ಲಿರುವುದು ವಿಧಾನಸೌಧದ ಲೆಕ್ಕ. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99–105ರಲ್ಲಿ ಬಿತ್ತು. ಪೂರ್ಣ ಸದನದ ಬಹುಮತ 113, ಅದನ್ನು ಎರಡೂ ಕಡೆಯವರು ಮುಟ್ಟಿರಲಿಲ್ಲ. ಇಲ್ಲಿ ಹಾಜರಿದ್ದು ಮತ ಹಾಕಿದವರಷ್ಟೇ ಲೆಕ್ಕ, ಗೈರಾದವರು ಗುರಿಯನ್ನೇ ತಗ್ಗಿಸುತ್ತಾರೆ. ನೇಪಾಳದಲ್ಲಿ ಹಾಗಲ್ಲ: ಆ ಹೊತ್ತಿಗೆ ಇರುವ ಒಟ್ಟು ಸದಸ್ಯರ ಬಹುಮತ ಬೇಕು. ಗೈರಾದರೂ ತಟಸ್ಥರಾದರೂ ಪ್ರಧಾನಿಗೆ ವಿರುದ್ಧವೇ. ಪ್ರಚಂಡರ ಕೊನೆಯ ಮತದಾನದಲ್ಲಿ ಪರ 63, ವಿರೋಧ 194. ಆ 194ರಲ್ಲಿ ಒಬ್ಬರೂ ಬರದಿದ್ದರೂ 63 ಸಾಲುತ್ತಿರಲಿಲ್ಲ. ಇನ್ನೊಂದು ಎಚ್ಚರ: ‘ಇರುವ’ ಸದಸ್ಯರು ಅಂದರೆ ಖಾಲಿ ಸ್ಥಾನ ಕಳೆಯಬೇಕು. 2021ರ ಮೇನಲ್ಲಿ ಲೆಕ್ಕಕ್ಕಿದ್ದವರು 271, ಬೇಕಿದ್ದದ್ದು 136, ಓಲಿಗೆ ಬಂದದ್ದು 93.

19 ತಿಂಗಳಲ್ಲಿ ಪ್ರಚಂಡ ಐದು ಸಲ ವಿಶ್ವಾಸಮತ ಕೇಳಿದರು: 268, 172, 157, 157, 63. ಇಷ್ಟು ಸಲ ಯಾಕೆ? ಪ್ರಧಾನಿ ನೇಮಕವಾದ ಮೊದಲ ಎರಡು ವರ್ಷ ಅವಿಶ್ವಾಸ ನಿರ್ಣಯ ತರುವಂತಿಲ್ಲ, 100(4). ಬೀಳಿಸಬೇಕೆಂದರೆ ಬೆಂಬಲ ವಾಪಸ್ ಪಡೆಯುವುದೇ ದಾರಿ, ಆಗ 100(2)ರಂತೆ ಪ್ರಧಾನಿಯೇ 30 ದಿನದಲ್ಲಿ ಮತ ಕೇಳಬೇಕು. ಸ್ಥಿರತೆಗೆಂದು ಇಟ್ಟ ಬೇಲಿಯ ಪಕ್ಕದಲ್ಲೇ ಗೇಟು ತೆರೆದಿದೆ. ಮಿತ್ರಪಕ್ಷ ಹೊರಟ ಮೇಲೂ ಪ್ರಧಾನಿಗೆ ಹೊಸ ಜೊತೆ ಹುಡುಕಲು ಆ 30 ದಿನ ಸಿಗುತ್ತದೆ. ಹಂಚಲು ಇರುವುದೂ ಕಡಿಮೆಯೇ: ಪ್ರಧಾನಿ ಸೇರಿ ಸಂಪುಟ 25 ಮೀರುವಂತಿಲ್ಲ.

ಐದನೇ ಉಪವಿಧಿಗೆ ಒಂದೇ ಉದಾಹರಣೆ ಸಾಕು. 2021ರ ಮೇನಲ್ಲಿ ಓಲಿ 153 ಸದಸ್ಯರ ಬೆಂಬಲವಿದೆ ಎಂದರು, ದೇವುಬಾ 149 ಎಂದರು. ಒಟ್ಟು 302, ಸದನದಲ್ಲಿದ್ದವರು 271! ಓಲಿ ಎಣಿಸಿದ್ದು ಪಕ್ಷಗಳ ಬಲ, ದೇವುಬಾ ತಂದದ್ದು ಸದಸ್ಯರ ಸಹಿ. ಅದರಲ್ಲಿ ಯುಎಂಎಲ್‌ನವರದ್ದೂ ಇದ್ದವು. ರಾಷ್ಟ್ರಪತಿ ಇಬ್ಬರನ್ನೂ ತಳ್ಳಿಹಾಕಿ ಸದನ ವಿಸರ್ಜಿಸಿದರು. ಜುಲೈ 12ರಂದು ಸುಪ್ರೀಂ ಕೋರ್ಟ್ ಸದನವನ್ನು ಮರುಸ್ಥಾಪಿಸಿ, ದೇವುಬಾರನ್ನು ನೇಮಿಸಲು ಆದೇಶಿಸಿತು. ಎರಡರಲ್ಲಿ ಎಣಿಸುವುದು ಪಕ್ಷಗಳನ್ನು, ಐದರಲ್ಲಿ ಸದಸ್ಯರನ್ನು. ಐದರಲ್ಲಿ ಪಕ್ಷದ ವಿಪ್ (ಹೀಗೇ ಮತ ಹಾಕಿ ಎಂಬ ಆದೇಶ) ಅಡ್ಡ ಬರುವುದಿಲ್ಲ.